ಚುಚ್ಚದ ಜೆಲ್ಲಿ ಮೀನುಗಳ ಕೆರೆಗೆ ಅಕ್ಕನ ಜೊತೆ

ಹರಿಹರದ ಹೊಳೆದಂಡೆ

ಇಂಡೊನೇಷ್ಯಾಕ್ಕೆ ಹೋಗುವ ಮಾತು ಮೊದಲು ಬಂದದ್ದು ಹರಿಹರದ ಹೊಳೆದಂಡೆಯಲ್ಲಿ, ಸಂಕ್ರಾಂತಿಯ ದಿನ, ಸಜ್ಜೆ ರೊಟ್ಟಿಯ ಬುತ್ತಿ ಬಿಚ್ಚುವ ಮುಂಚೆ. ನಮ್ಮ ಕಡೆ ಸಂಕ್ರಾಂತಿ ಎಂದರೆ ಮೈಗೆ ಎಳ್ಳು ಹಚ್ಚಿಕೊಂಡು ತುಂಗಭದ್ರೆಯಲ್ಲಿ ಮುಳುಗಿ, ದಂಡೆಯ ಮೇಲೆ ಬುತ್ತಿ ಬಿಚ್ಚುವುದು. ಮನೆಯವರೆಲ್ಲ ನೀರಿಗೆ ಇಳಿದಿದ್ದರು. ನನ್ನ ಅಕ್ಕ ಶಾಂತಕ್ಕ ಮಾತ್ರ ಮೆಟ್ಟಿಲ ಮೇಲೆ ಕೂತು ಎಲ್ಲರ ಬಟ್ಟೆ, ಚಪ್ಪಲಿ, ಮೊಬೈಲು ಕಾಯುತ್ತಿದ್ದಳು. ಪ್ರತಿ ವರ್ಷವೂ ಕಾಯುವವಳು ಅವಳೇ.

ಅಕ್ಕನಿಗೆ ತೊನ್ನು. ಮದುವೆಯಾಗಿ ಹದಡಿಗೆ ಹೋದ ಸ್ವಲ್ಪ ವರ್ಷಕ್ಕೆ ಬೆರಳ ತುದಿಯಲ್ಲಿ ಕಾಣಿಸಿಕೊಂಡ ಬಿಳಿ ಮಚ್ಚೆ ನಿಧಾನಕ್ಕೆ ಮುಂಗೈ, ಮೊಳಕೈ, ಕತ್ತಿನವರೆಗೂ ಹರಡಿತು. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಭಾವ ಅದರ ಬಗ್ಗೆ ಒಂದು ದಿನವೂ ಸೊಲ್ಲೆತ್ತಿದವರಲ್ಲ. ಆದರೆ ಹಿಂದೊಮ್ಮೆ ಇದೇ ಹೊಳೆಯಲ್ಲಿ ಅಕ್ಕ ಮುಳುಗು ಹಾಕಲು ಇಳಿದಾಗ, ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವಳ ಕೈ ನೋಡಿ, ತನ್ನ ಮಕ್ಕಳನ್ನು ಎಳೆದುಕೊಂಡು ದಡ ಹತ್ತಿಬಿಟ್ಟಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಹತ್ತಿದರು. ಅಂದಿನಿಂದ ಅಕ್ಕ ತುಂಬುತೋಳಿನ ರವಿಕೆ ಹೊಲಿಸಿಕೊಳ್ಳತೊಡಗಿದಳು. ಮತ್ತೆ ನೀರಿಗೆ ಇಳಿಯಲಿಲ್ಲ.

ಈ ಸಲ ನಾನು ತಲೆ ಒರೆಸಿಕೊಳ್ಳುತ್ತಾ ಅವಳ ಪಕ್ಕ ಬಂದು ಕೂತಾಗ ಅವಳು ನನ್ನ ಮೊಬೈಲು ನೋಡುತ್ತಿದ್ದಳು. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಟೀಚರು. ಮಕ್ಕಳಿಗೆ ತೋರಿಸಲೆಂದು ಇಟ್ಟುಕೊಂಡಿದ್ದ ವಿಡಿಯೊ ಅದು. ಹಸಿರು ನೀರು, ನೀರಿನ ತುಂಬ ಜೆಲ್ಲಿ ಮೀನು, ಅವುಗಳ ನಡುವೆ ಆರಾಮಾಗಿ ತೇಲುತ್ತಿರುವ ಮನುಷ್ಯರು.

“ಇವೇನೇ ನಿಮ್ಮಿ, ಛತ್ರಿ ಬಿಚ್ಚಿ ಮುಚ್ಚಿ ಮಾಡ್ದಂಗೆ ಹೊಂಟಾವೆ?”

“ಜೆಲ್ಲಿ ಮೀನು ಅಕ್ಕಾ. ಹೆಸರಿಗಷ್ಟೇ ಮೀನು. ಮೂಳೆ ಇಲ್ಲ, ಮಿದುಳು ಇಲ್ಲ, ಹೃದಯಾನೂ ಇಲ್ಲ. ಮೈಯೆಲ್ಲ ಹೆಚ್ಚುಕಮ್ಮಿ ನೀರೇ.”

“ಒಳಗಿಂದೆಲ್ಲ ಹೊರಗೇ ಕಾಣ್ತೈತಲ್ಲೇ! ನಾಚಿಕಿ ಅನ್ನೋದೇ ಇಲ್ಲೇನು ಇವಕ್ಕೆ? ಕಚ್ತಾವೇನು?”

“ಸಮುದ್ರದಾಗಿನವು ಚುಚ್ಚುತಾವೆ. ಬೆಂಕಿ ತಗಲಿದಂಗೆ ಉರೀತೈತೆ. ಈ ಕೆರೆಯಾಗಿನವು ಚುಚ್ಚೋದೇ ಬಿಟ್ಟಂಗೈತೆ. ಚುಚ್ಚಿದ್ರೂ ನಮಗೆ ಗೊತ್ತಾಗಲ್ಲ. ಇವನ್ನ ಹಿಡಿದು ತಿನ್ನೋ ವೈರಿಗಳು ಅಲ್ಲಿಲ್ವಲ್ಲ, ಅದಕ್ಕೆ ಹಂಗೆ ಅಂತಾರೆ.”

ಅಕ್ಕ ವಿಡಿಯೊವನ್ನು ಮತ್ತೆ ಮೊದಲಿಂದ ಹಾಕಿದಳು. ಆಮೇಲೆ ತಲೆ ಎತ್ತದೆ ಕೇಳಿದಳು. “ಅಲ್ಲಿ ನಮ್ಮೋರು ಯಾರೂ ಇರಲ್ಲ, ಅಲ್ಲೇನು?”

“ಯಾರೂ ಇರಲ್ಲ.”

“ಹಂಗಾರೆ ಅಲ್ಲಿ ಇಳೀತೀನಿ ನಾನು. ಒಂದ್ಸಲ ಕುತ್ತಿಗಿ ಮಟ ನೀರಾಗೆ ನಿಂತು ಬರ್ತೀನಿ. ಕರ್ಕಂಡು ಹೋಗು.”

ಅಕ್ಕ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ವರ್ಷಕ್ಕೊಂದು ಸಲ ನಾವಿಬ್ಬರೂ ಹೋಗಿಬರುವುದುಂಟು. ಅಲ್ಲೆಲ್ಲ ನಾನು ಕರೆದದ್ದು, ಅವಳು ಬಂದದ್ದು. ಈಗ ಅವಳು ಕೇಳಿದ್ದಳು. ನಾನು ಆಗಲೇ ಹೂಂ ಅಂದುಬಿಟ್ಟೆ. ಆ ಕೆರೆ ಯಾವ ದೇಶದಲ್ಲಿದೆ ಎಂದು ಮನೆಗೆ ಬಂದ ಮೇಲೆ ಹುಡುಕಿದೆ.

ದೇವರಾಜ ಅರಸು ಬಡಾವಣೆ, ನಮ್ಮ ಮನೆ

ಕೆರೆ ಇದ್ದದ್ದು ಬೋರ್ನಿಯೋದ ಪೂರ್ವಕ್ಕೆ, ಕಾಕಾಬಾನ್ ಎಂಬ ಪುಟ್ಟ ದ್ವೀಪದ ಹೊಟ್ಟೆಯೊಳಗೆ. ಸುತ್ತ ಕಡಲು, ನಡುವೆ ದ್ವೀಪ, ದ್ವೀಪದ ನಡುವೆ ಕೆರೆ. ಬೇಸಿಗೆ ರಜೆಗೆ ಹೊರಡುವುದೆಂದಾಯಿತು. ದಾವಣಗೆರೆಯಿಂದ ಬಸ್ಸು ಹತ್ತಿದರೆ ಹರಿಹರ ದಾಟುವುದರೊಳಗೆ ಹೊಟ್ಟೆ ತೊಳಸುವ ನನ್ನ ಗಂಡ ತಾನಂತೂ ಬರುವುದಿಲ್ಲವೆಂದು ಮೊದಲೇ ಕೈ ಮುಗಿದರು. “ಮೀನು ತಿನ್ನೋರ ದೇಶಕ್ಕೆ ಮೀನು ನೋಡಾಕೆ ಹೊಂಟೀರಿ. ಉಪಾಸ ಬಿದ್ದು ಬರ್ತೀರಿ ನೋಡ್ತಿರ್ರಿ” ಎಂದು ಆಶೀರ್ವಾದ ಮಾಡಿದರು.

ಆ ಆಶೀರ್ವಾದ ಫಲಿಸದಿರಲೆಂದು ಅಕ್ಕ ಹದಡಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಳು. ನಾನು ಒಂದು ದೊಡ್ಡ ಚೀಲ ಮಂಡಕ್ಕಿ ಕಟ್ಟಿದೆ. ಅದರ ಮೇಲೆ ಉದುರಿಸಲು ಹುರಿಗಡಲೆ ಪುಡಿ ಬೇರೆ. ಮಂಡಕ್ಕಿ ಇಲ್ಲದೆ ದಾವಣಗೆರೆಯವರು ಚಿತ್ರದುರ್ಗಕ್ಕೂ ಹೋಗುವುದಿಲ್ಲ, ಇನ್ನು ಇಂಡೊನೇಷ್ಯಾ.

ಅಕ್ಕನ ಚಿಂತೆ ಊಟದ್ದಾಗಿರಲಿಲ್ಲ. “ನೀರಿಗೆ ಇಳಿಯಾಕೆ ಚಡ್ಡಿ ಹಾಕ್ಕಬೇಕಂತಲ್ಲೇ. ಹಂಗಾದ್ರೆ ಬ್ಯಾಡವ್ವ, ನಾ ಒಲ್ಲೆ.” ಈ ಚಿಂತೆ ನನಗೂ ಇತ್ತು. ಮಚ್ಚೆ ಇರುವ ಚರ್ಮಕ್ಕೆ ಬಿಸಿಲು ಬೇಗ ಸುಡುತ್ತದೆ. ಆ ಕೆರೆಯಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮು ನಿಷೇಧ ಎಂದು ಓದಿದ್ದೆ. ಅಲ್ಲಿ ಹೋದ ಮೇಲೆ ನೋಡೋಣ ಎಂದು ಇಬ್ಬರೂ ಮಾತು ಹಾರಿಸಿದೆವು.

ಜಕಾರ್ತಾ ವಿಮಾನ ನಿಲ್ದಾಣ

ನಮ್ಮ ಮಂಡಕ್ಕಿ ಚೀಲವನ್ನು ಅಧಿಕಾರಿಯೊಬ್ಬ ಮೇಜಿನ ಮೇಲೆ ಇಡಿಸಿದ. ಕೈ ಹಾಕಿ ಕೆದಕಿದ. ತಳದವರೆಗೂ ಕೆದಕಿದ. ಆಮೇಲೆ ನನ್ನನ್ನು ಕೇಳಿದ ಪ್ರಶ್ನೆ ಬಲು ಸೊಗಸಾಗಿತ್ತು. “ಇದರೊಳಗಿನ ಗಾಜಿನ ಸಾಮಾನು ಎಲ್ಲಿ?”

ಒಡೆಯುವ ವಸ್ತು ಕಟ್ಟುವಾಗ ಸುತ್ತ ತುಂಬುತ್ತಾರಲ್ಲ, ಬಿಳಿ ಥರ್ಮಾಕೋಲ್ ಗುಂಡು, ಹಾಗೆಂದುಕೊಂಡಿದ್ದ ಮಹಾರಾಯ. ತಿನ್ನುವುದು ಎಂದೆ. ನಂಬಲಿಲ್ಲ. ನಾನು ಇಂಗ್ಲಿಷಿನಲ್ಲಿ ಭತ್ತ, ಉಪ್ಪು, ಮರಳು, ಹುರಿಯುವುದು ಎಂದು ಪಾಠ ಶುರುಮಾಡಿದ್ದೇ ತಡ, ಅಕ್ಕ ಮುಂದೆ ಬಂದು ಒಂದು ಹಿಡಿ ತೆಗೆದು ಬಾಯಿಗೆ ಎಸೆದುಕೊಂಡು ಕುರುಂ ಕುರುಂ ಅಗಿದಳು. ಇನ್ನೊಂದು ಹಿಡಿ ಅವನ ಮುಂದೆ ಹಿಡಿದಳು. ಹಿಡಿದ ಮೇಲೆ ತನ್ನ ಬೆರಳು ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡು ಚೀಲವನ್ನೇ ಅವನ ಕಡೆ ದೂಡಿದಳು. ಅವನು ಚೀಲದಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ತಮ್ಮಲ್ಲೂ ಇಂಥದ್ದೇ ಬೆಲ್ಲ ಹಾಕಿ ಉಂಡೆ ಕಟ್ಟುತ್ತಾರೆ ಎಂದು ನಕ್ಕು ಚೀಲ ವಾಪಸ್ಸು ಕೊಟ್ಟ. ಹೊರಗೆ ಬಂದ ಮೇಲೆ ನನ್ನ ಎದೆ ಹಗುರಾಯಿತು. ಅಕ್ಕ ಎಳೆದುಕೊಂಡ ಕೈಯನ್ನು ನಾನು ನೋಡಿದ್ದೆ, ನೋಡಲಿಲ್ಲವೆಂಬಂತೆ ಟ್ರಾಲಿ ತಳ್ಳಿದೆ.

ಸಿತಿಯ ಮನೆ

ಆ ಮೇಲೆ ಇನ್ನೆರಡು ವಿಮಾನ, ಒಂದು ಕಾರು, ಒಂದು ದೋಣಿ. ಅದನ್ನೆಲ್ಲ ಬರೆಯುವುದಿಲ್ಲ, ನೆನೆದರೆ ಈಗಲೂ ಸೊಂಟ ನೋಯುತ್ತದೆ. ಕೊನೆಗೆ ಸೇರಿದ್ದು ಕಾಕಾಬಾನ್‌ಗೆ ಹತ್ತಿರದ ಇನ್ನೊಂದು ದ್ವೀಪದಲ್ಲಿ, ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಒಂದು ಮನೆಗೆ. ಮನೆಯೊಡತಿ ಸಿತಿ ನಮ್ಮದೇ ವಯಸ್ಸಿನವಳು. ಪ್ರವಾಸಿಗಳನ್ನು ಇಳಿಸಿಕೊಂಡು ಕೆರೆಗೆ ಕರೆದೊಯ್ಯುವುದು ಅವಳ ಕೆಲಸ, ದೋಣಿ ನಡೆಸುವುದು ಅವಳ ಗಂಡನ ಕೆಲಸ. ಹರಕು ಮುರುಕು ಇಂಗ್ಲಿಷ್ ಅವಳಿಗೂ ಬರುತ್ತಿತ್ತು, ನನಗೂ ಬರುತ್ತಿತ್ತು, ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು. ಅವರ ಭಾಷೆಯಲ್ಲಿ ಅಮ್ಮನಿಗೆ ಇಬು ಎನ್ನುತ್ತಾರೆ. ಅವಳು ನಮ್ಮಿಬ್ಬರನ್ನೂ ಇಬು ಎನ್ನುತ್ತಿದ್ದಳು. ಜೆಲ್ಲಿ ಮೀನಿಗೆ ಉಬುರ್ ಉಬುರ್. ಆ ಹೆಸರು ಕೇಳಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಊಟದ ವಿಷಯದಲ್ಲಿ ನನ್ನ ಗಂಡನ ಮಾತು ಅರ್ಧ ನಿಜವಾಯಿತು. ಸಿತಿ ನಮಗೆಂದೇ ಮೀನು ಬಿಟ್ಟು ಸೊಪ್ಪಿನ ಪಲ್ಯ ಮಾಡಿ, ಜೊತೆಗೆ ಕೆಂಪು ಚಟ್ನಿ ಇಟ್ಟಳು. ಚಟ್ನಿ ಬಾಯಿಗೆ ಹತ್ತಿರ ಬರುವಾಗಲೇ ನನಗೆ ಅನುಮಾನ. ಕೇಳಿದರೆ ಒಣ ಸೀಗಡಿ ಕುಟ್ಟಿ ಹಾಕಿದ್ದಾಳಂತೆ. “ಮೀನು ಬೇಡ ಅಂದಿರಿ, ಇದು ಸೀಗಡಿ” ಎಂದಳು. ಅವಳ ಲೆಕ್ಕದಲ್ಲಿ ಸೀಗಡಿ ಉಪ್ಪಿನ ಸಾಲಿಗೆ ಸೇರಿದ್ದು. ನಾವು ನಗುತ್ತಾ ಶೇಂಗಾ ಚಟ್ನಿಪುಡಿ ಬಿಚ್ಚಿದೆವು. ಸಿತಿಯೂ ಅನ್ನಕ್ಕೆ ಅದನ್ನೇ ಕಲಸಿಕೊಂಡಳು.

ದೊಡ್ಡ ನೆಮ್ಮದಿ ಸಿಕ್ಕಿದ್ದು ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ ನೋಡಿ. ಮಣಿಕಟ್ಟಿನವರೆಗೆ ತೋಳು, ಪಾದದವರೆಗೆ ಪೈಜಾಮ, ತಲೆಗೆ ಅಂಟಿಕೊಳ್ಳುವ ಟೊಪ್ಪಿಗೆ. ಏನಿದು ಎಂದು ಕೇಳಿದೆ. ಈಜುವ ಬಟ್ಟೆ ಎಂದಳು ಸಿತಿ. ಇಲ್ಲಿನ ಹೆಂಗಸರೆಲ್ಲ ನೀರಿಗೆ ಇಳಿಯುವುದು ಹೀಗೇ ಮೈತುಂಬ ಹೊದ್ದುಕೊಂಡು. ಮಾರುಕಟ್ಟೆಯಲ್ಲೇ ಸಿಗುತ್ತದೆ, ಅಕ್ಕನಿಗೆ ತನ್ನದೇ ಒಂದು ಕೊಡುತ್ತೇನೆ ಎಂದಳು. ನಾನು ಅದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಆ ತೋಳನ್ನು ಹಿಡಿದು ಎಳೆದು ನೋಡಿದಳು. “ಇಷ್ಟ್ ದಿನ ಈ ಚಡ್ಡಿ ಚಿಂತಿಗೆ ನಿದ್ದಿಗೆಟ್ಟಿದ್ನಲ್ಲೇ ನಿಮ್ಮಿ” ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಬಟ್ಟೆ ಹಾಕಿಕೊಂಡ ಮೇಲೆ ಹೊರಗೆ ಕಾಣುವುದು ಮುಖ, ತುಸು ಕತ್ತು, ಮುಂಗೈ ಅಷ್ಟೇ.

ಕಡಲ ದಂಡೆ, ಸಂಜೆ

ಸಂಜೆ ದಂಡೆಯ ಮೇಲೆ ನಡೆಯುವಾಗ ಅಲೆ ಬಿಟ್ಟುಹೋದ ಒಂದು ಜೆಲ್ಲಿ ಮೀನು ಮರಳಿನ ಮೇಲೆ ಬಿದ್ದಿತ್ತು. ಮೆತ್ತಗಿನ ಅಂಚು, ನಡುವೆ ತಿಳಿ ನೇರಳೆ. ಬದುಕಿದ್ದಾಗ ಎಷ್ಟು ಚೆಂದವಿತ್ತೋ, ಈಗ ಯಾರೋ ಚೆಲ್ಲಿದ ರಾಗಿ ಅಂಬಲಿಯ ಹಾಗೆ ಕಾಣುತ್ತಿತ್ತು. “ಅಯ್ಯ ಪಾಪ, ನೀರಿಗೆ ಬಿಡೋಣ” ಎಂದು ಅಕ್ಕ ಬಗ್ಗಿ ಕೈ ಚಾಚಿದಳು.

“ಮುಟ್ಬ್ಯಾಡ!” ಎಂದು ನಾನು ಕಿರುಚಿದೆ.

ಅಕ್ಕ ಬೆಂಕಿ ತಗಲಿದವಳಂತೆ ಕೈ ಹಿಂತೆಗೆದಳು. ಸತ್ತ ಜೆಲ್ಲಿ ಮೀನೂ ಚುಚ್ಚುತ್ತದೆ, ಅದರ ಎಳೆಗಳಲ್ಲಿರುವ ಮುಳ್ಳುಗಳಿಗೆ ತಮ್ಮ ಒಡೆಯ ಸತ್ತದ್ದು ಗೊತ್ತಿರುವುದಿಲ್ಲ, ಮುಟ್ಟಿದರೆ ಸಾಕು ಸಿಡಿಯುತ್ತವೆ ಎಂದು ನಾನು ಒಂದೇ ಉಸಿರಿಗೆ ವಿವರಿಸಿದೆ. ಸಿತಿ ಬಂದು ತೆಂಗಿನ ಗರಿಯ ದಿಂಡಿನಿಂದ ಅದನ್ನು ಅಲೆಯ ಕಡೆ ಸರಿಸಿದಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲಲೇ, ನೀ ಹೇಳಿದ್ದು ಖರೇ ಐತೆ. ಮುಟ್ಬ್ಯಾಡ ಅನ್ನೋ ಮಾತು ಕೇಳಿದ್ರೆ ಮಾತ್ರ ನಂಗೆ ಕೈಕಾಲು ತಣ್ಣಗಾಗ್ತಾವೆ” ಎಂದಳು. ಅವಳ ಕೈ ಹಿಡಿದುಕೊಂಡು ನಡೆದೆ.

ಮನಸ್ಸು ಬೇರೆ ಕಡೆ ತಿರುಗಿಸಲು ಜೆಲ್ಲಿ ಮೀನಿನ ಸಂಸಾರದ ಕಥೆ ಹೇಳಿದೆ. ಮೊಟ್ಟೆಯೊಡೆದ ಮರಿ ಮೊದಲು ಈಜಿಕೊಂಡು ಹೋಗಿ ನೀರೊಳಗಿನ ಬೇರಿಗೋ ಕಲ್ಲಿಗೋ ಅಂಟಿಕೊಳ್ಳುತ್ತದೆ. ಅಲ್ಲಿ ಪುಟ್ಟ ಗಿಡದ ಹಾಗೆ ಕಾಲೂರಿ ಇರುತ್ತದೆ. ಕಾಲ ಕೂಡಿ ಬಂದಾಗ ಅದರ ಮೈ ಒಂದರ ಮೇಲೊಂದು ಇಟ್ಟ ತಟ್ಟೆಗಳಂತಾಗಿ, ಒಂದೊಂದೇ ತಟ್ಟೆ ಕಳಚಿಕೊಂಡು ಜೆಲ್ಲಿ ಮೀನಾಗಿ ಈಜಿಹೋಗುತ್ತದೆ.

“ಅಂದ್ರೆ ತವರುಮನಿ ಬೇರಿನಾಗೆ, ಗಂಡನ ಮನಿ ನೀರಾಗೆ ಅನ್ನು” ಎಂದಳು ಅಕ್ಕ. ನಮ್ಮ ಪಠ್ಯಪುಸ್ತಕದವರು ಇಷ್ಟು ಸುಲಭವಾಗಿ ಹೇಳಿದ್ದರೆ ನನ್ನ ಮಕ್ಕಳು ಆ ಪಾಠದಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಸಿತಿ ನಿಯಮ ಹೇಳಿದಳು. ಜಿಗಿಯಬಾರದು, ಕಾಲಿಗೆ ಈಜುರೆಕ್ಕೆ ಕಟ್ಟಬಾರದು, ಮೈಗೆ ಕ್ರೀಮು ಗ್ರೀಮು ಹಚ್ಚಬಾರದು. ಹರಿದುಹೋಗಲು ದಾರಿಯಿಲ್ಲದ ಕೆರೆ, ಅದರಲ್ಲಿ ಕಲಸಿದ್ದು ಅಲ್ಲೇ ಉಳಿಯುತ್ತದೆ. ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. “ನಾ ಯಾವಾಗ ಕ್ರೀಮು ಹಚ್ಚೀನಿ? ಮದುವಿ ದಿನಾನೂ ಹಚ್ಚಿಲ್ಲ” ಎಂದಳು ಅಕ್ಕ.

ಕಾಕಾಬಾನ್, ಕೆರೆಯ ಕಟ್ಟೆ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಎದ್ದು ತಯಾರಾಗಿದ್ದಳು. ಕೋಣೆಯಲ್ಲಿ ಹಬ್ಬದ ವಾಸನೆ. ದೋಣಿಯಲ್ಲಿ ಅವಳ ಪಕ್ಕ ಕೂತಾಗಲೂ ಅದೇ ವಾಸನೆ ಬಂದು, ನನಗೆ ಊರು ನೆನಪಾಗಿ ಹಾಯೆನಿಸಿತು. ಅಷ್ಟೇ ಅನ್ನಿಸಿದ್ದು.

ದೋಣಿ ಕಡಲ ಕಡೆಯ ಕಟ್ಟೆಗೆ ತಾಗಿತು. ಅಲ್ಲಿಂದ ಕಾಡಿನ ನಡುವೆ ಮರದ ಮೆಟ್ಟಿಲು ಹತ್ತಿ, ಮತ್ತೆ ಇಳಿದರೆ ಕೆರೆ. ಸುತ್ತ ನೀರಿಗೆ ಬೇರು ಇಳಿಬಿಟ್ಟ ಕಾಂಡ್ಲಾ ಕಾಡು, ನೀರು ನಮ್ಮ ಹೊಳೆಯ ಬೇಸಿಗೆಯ ಬಣ್ಣದ್ದೇ. ನೀರಿನ ಅಂಚಿಗೆ ಹಲಗೆಯ ಕಟ್ಟೆ, ಕಟ್ಟೆಯಿಂದ ನೀರಿಗೆ ಏಣಿ. ಒಂದಿಷ್ಟು ಪ್ರವಾಸಿಗಳು ಆಗಲೇ ನೀರಿನಲ್ಲಿದ್ದರು, ಇನ್ನೊಂದಿಷ್ಟು ಜನ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕ ಸಿತಿಯ ಬಟ್ಟೆ ಹಾಕಿಕೊಂಡು, ತೇಲುವ ಜಾಕೀಟು ಬಿಗಿದುಕೊಂಡು ಏಣಿಯ ಹತ್ತಿರ ನಿಂತಳು. ಕಣ್ಣು ಮುಚ್ಚಿ ಒಮ್ಮೆ ಕೈ ಮುಗಿದಳು. ಮೊದಲು ನೀರಿಗಿಳಿದು ನಿಂತಿದ್ದ ಸಿತಿ ಅವಳನ್ನು ಇಳಿಸಿಕೊಳ್ಳಲು ಕೈ ಚಾಚಿದಳು. ಅಕ್ಕ ಕೈ ಕೊಟ್ಟಳು.

ಸಿತಿ ಆ ಕೈ ಹಿಡಿದವಳೇ ತಕ್ಷಣ ಬಿಟ್ಟಳು. ತನ್ನ ಅಂಗೈ ನೋಡಿಕೊಂಡಳು. ಅಕ್ಕನ ಮುಂಗೈ ನೋಡಿದಳು. ಹುಬ್ಬು ಗಂಟಿಕ್ಕಿ, ಅಕ್ಕನ ಕೈ ತೋರಿಸಿ, ನೀರು ತೋರಿಸಿ, ಬೇಡ ಬೇಡ ಎಂದು ಜೋರಾಗಿ ತಲೆಯಾಡಿಸಿದಳು. ಕಟ್ಟೆಯ ಮೇಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

ಅಕ್ಕನಿಗೆ ಯಾವ ಭಾಷೆಯ ಅನುವಾದವೂ ಬೇಕಾಗಲಿಲ್ಲ. ಎರಡೂ ಕೈಗಳನ್ನು ಟವೆಲ್ಲಿನೊಳಗೆ ಸುತ್ತಿಕೊಂಡು ಏಣಿಯಿಂದ ಹಿಂದೆ ಸರಿದಳು. ಅಳಲಿಲ್ಲ. “ನಡಿ ನಿಮ್ಮಿ, ಹೋಗೋಣ. ಇಲ್ಲೂ ಅಷ್ಟೇ” ಎಂದಳು.

ನನಗೆ ಬಂದ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಸೀಗಡಿ ಚಟ್ನಿಗೂ ನಕ್ಕಿದ್ದ ನಾನು ಆ ಕಟ್ಟೆಯ ಮೇಲೆ ನಿಂತು ಕೂಗಾಡಿದೆ. ಅಂಟುವುದಿಲ್ಲ, ಇದು ರೋಗವೇ ಅಲ್ಲ, ನಿಮ್ಮ ಮನೆಯಲ್ಲಿ ಉಂಡಿಲ್ಲವೇ, ಈ ಕೈಯಲ್ಲಿ ಮಾಡಿದ ಚಟ್ನಿಪುಡಿ ನೀವೇ ಕಲಸಿಕೊಂಡಿಲ್ಲವೇ ಎಂದು ಇಂಗ್ಲಿಷಿನಲ್ಲಿ ಶುರುವಾದದ್ದು ಕನ್ನಡಕ್ಕೆ ಬಂದು, “ನಾಚಿಕಿ ಆಗಲ್ಲೇನ್ರೀ ನಿಮಗೆ?” ಎಂಬಲ್ಲಿ ಮುಗಿಯಿತು.

ಸಿತಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಅವಳಿಗೆ ಒಂದೂ ಅರ್ಥವಾಗಿರಲಿಲ್ಲ. ಸರಸರನೆ ಏಣಿ ಹತ್ತಿ ಬಂದು, ಟವೆಲ್ಲಿನೊಳಗಿಂದ ಅಕ್ಕನ ಕೈಯನ್ನು ಎಳೆದುಕೊಂಡಳು. ಎಲ್ಲಕ್ಕಿಂತ ದೊಡ್ಡ ಬಿಳಿ ಮಚ್ಚೆಯ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿ ಉಜ್ಜಿ, ಆ ಹೆಬ್ಬೆರಳನ್ನು ನನ್ನ ಮೂಗಿಗೆ ಹಿಡಿದಳು.

ಎಳ್ಳೆಣ್ಣೆ.

ಸಾಲದೆಂಬಂತೆ ಕುಡಿಯುವ ನೀರಿನ ಲೋಟದಲ್ಲಿ ಬೆರಳು ಅದ್ದಿ ತೋರಿಸಿದಳು. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಹರಡಿತು. “ಎಣ್ಣೆ, ಇಬು. ಉಬುರ್ ಉಬುರ್‌ಗೆ ಆಗದು” ಎಂದಳು. ಆಮೇಲೆ ಅಕ್ಕನ ಟೊಪ್ಪಿಗೆ ಸರಿಸಿ ಜಡೆ ಮೂಸಿ, ಅಯ್ಯಯ್ಯೋ ಎಂಬಂತೆ ತಲೆಗೆ ಕೈ ಹಚ್ಚಿಕೊಂಡಳು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. “ಅಕ್ಕಾ, ಬೆಳಿಗ್ಗೆ ಎದ್ದು ಎಣ್ಣೆ ಹಚ್ಕಂಡೇನು?”

“ಮತ್ತೆ? ಇಷ್ಟ್ ವರ್ಷದ ಮ್ಯಾಲೆ ನೀರಿಗೆ ಇಳೀತೀನಿ, ಮೈಗೆ ಎಳ್ಳೆಣ್ಣೆ ಮುಟ್ಟಿಸ್ದೆ ಹೆಂಗೆ ಇಳೀಲಿ? ಊರಿಂದನೇ ಬಾಟ್ಲಿ ತಂದಿದ್ದೆ. ತಲಿಗೆ ಮೈಗೆ ಎಲ್ಲಾ ತಿಕ್ಕೀನಿ.”

“ಅದಕ್ಕೇ ಬ್ಯಾಡ ಅಂದಳು ಆಕಿ. ಎಣ್ಣೆ ಬಿದ್ರೆ ಜೆಲ್ಲಿ ಮೀನಿಗೆ ಆಗಲ್ಲಂತೆ.”

ಅಕ್ಕ ನನ್ನನ್ನು ನೋಡಿದಳು, ಸಿತಿಯನ್ನು ನೋಡಿದಳು. “ಎಣ್ಣೆಗಾ?”

“ಎಣ್ಣೆಗೇ.”

“ಇದಕ್ಕಲ್ಲಾ?” ಎಂದು ಬೆರಳು ಬಿಡಿಸಿ ಕೈ ಮುಂದೆ ಹಿಡಿದಳು.

“ಅಲ್ಲ ಅಕ್ಕಾ. ಅದನ್ನ ಆಕಿ ಮುಟ್ಟಿ ಉಜ್ಜಿ ನೋಡಿದಳಲ್ಲ.”

ಅಕ್ಕ ತನ್ನ ಬೆರಳನ್ನು ತಾನೇ ಮೂಸಿ ನೋಡಿಕೊಂಡಳು. ಆಮೇಲೆ ಅವಳ ಹೊಟ್ಟೆಯಿಂದ ನಗು ಹೊರಟಿತು. ಜಾಕೀಟು ಕುಣಿಯುವ ಹಾಗೆ ನಕ್ಕಳು. “ಎಣ್ಣೆ ಆದ್ರೆ ತೊಳದ್ರೆ ಹೋಗ್ತೈತಲ್ಲೇ ನಿಮ್ಮಿ! ತೊಳದ್ರೆ ಹೋಗ್ತೈತೆ!” ಎಂದು ನನ್ನ ಬೆನ್ನಿಗೆ ಗುದ್ದಿದಳು. ನಾನು ಸಿತಿಯ ಕೈ ಹಿಡಿದು ಕ್ಷಮೆ ಕೇಳಿದೆ. ಯಾತಕ್ಕೆ ಕೂಗಿದೆನೆಂದು ವಿವರಿಸಿದೆ. ಅವಳು ಕೇಳಿ, ಹೌದೇ ಎಂಬಂತೆ ಅಕ್ಕನ ಕೈಯನ್ನು ಇನ್ನೊಮ್ಮೆ ನೋಡಿ, ಅದನ್ನು ಹಿಡಿದುಕೊಂಡೇ ಮೆಟ್ಟಿಲ ಕಡೆ ಎಳೆದಳು. ತೊಳೆಯುವ ಕೆಲಸ ಮುಂದಿತ್ತು.

ಮಳೆನೀರಿನ ಪೀಪಾಯಿ

ಕೆರೆಯ ಹತ್ತಿರ ಸೋಪು ಬಳಸುವಂತಿಲ್ಲ. ಮತ್ತೆ ಮೆಟ್ಟಿಲು ಹತ್ತಿಳಿದು ಕಡಲ ಕಡೆಯ ಕಟ್ಟೆಗೆ ಬಂದೆವು. ಅಲ್ಲಿ ಮಳೆನೀರು ತುಂಬಿದ ನೀಲಿ ಪೀಪಾಯಿ ಇತ್ತು. ಸೋಪು ಯಾರ ಹತ್ತಿರವೂ ಇರಲಿಲ್ಲ. ಬರೀ ನೀರಿಗೆ ಎಳ್ಳೆಣ್ಣೆ ಜಗ್ಗುವುದೇ? ಸಿತಿ ಮುಖ ಸಣ್ಣ ಮಾಡಿದಳು. ಇವತ್ತು ಬಿಟ್ಟು ಇನ್ನೊಂದು ದಿನ ಬರೋಣವೆಂದರೆ ನಮ್ಮ ವಾಪಸ್ಸು ಪ್ರಯಾಣ ಮರುದಿನವೇ ಇತ್ತು. ಅಷ್ಟರಲ್ಲಿ ನನಗೆ ಹೊಳೆಯಿತು. ಬ್ಯಾಗಿನಿಂದ ಮಂಡಕ್ಕಿಯ ಹುರಿಗಡಲೆ ಪುಡಿ ತೆಗೆದೆ. ಮನೆಯಲ್ಲಿ ಎಣ್ಣೆ ತೆಗೆಯಲು ಕಡಲೆಹಿಟ್ಟು ಹಚ್ಚುವುದಿಲ್ಲವೇ, ಇದು ಅದರ ತಮ್ಮ.

ಅಕ್ಕ ತೋಳನ್ನು ಭುಜದವರೆಗೆ ಮಡಚಿದಳು. ಹಾಡುಹಗಲು, ನಾಲ್ಕು ಜನ ಓಡಾಡುವ ಜಾಗದಲ್ಲಿ. ಒಂದು ಕೈ ನಾನು, ಇನ್ನೊಂದು ಕೈ ಸಿತಿ, ಎಳೆಮಗುವಿಗೆ ಎರೆಯುವ ಹಾಗೆ ಉಜ್ಜಿದೆವು. ತಲೆಗೂ ಪುಡಿ ಕಲಸಿ ತಿಕ್ಕಿದೆವು. ಸಿತಿಯ ಗಂಡ ದೋಣಿಯಲ್ಲಿ ಬೆನ್ನು ತಿರುಗಿಸಿ ಕೂತು ಕಡಲು ನೋಡುತ್ತಿದ್ದ. ಹೊಸದಾಗಿ ಬಂದಿಳಿದ ಪ್ರವಾಸಿಗಳು ನಮ್ಮನ್ನು ನೋಡಿ, ಕೆರೆಗೆ ಇಳಿಯುವ ಮುಂಚೆ ಎಲ್ಲರೂ ಹೀಗೆ ಹಿಟ್ಟು ಹಚ್ಚಿಕೊಳ್ಳಬೇಕೇ ಎಂದು ಕೇಳಿದರು. ಹೌದೆಂದುಬಿಡು ಎಂದಳು ಅಕ್ಕ. ಪೀಪಾಯಿ ಅರ್ಧ ಖಾಲಿಯಾದ ಮೇಲೆ ಸಿತಿ ಅಕ್ಕನ ಮೊಳಕೈ, ಕತ್ತು, ಜಡೆ ಮೂಸಿ, ಮತ್ತೆ ಲೋಟದ ನೀರಲ್ಲಿ ಅಕ್ಕನ ಬೆರಳನ್ನೇ ಅದ್ದಿಸಿ ನೋಡಿದಳು. ಪೊರೆ ಬರಲಿಲ್ಲ. ಹೆಬ್ಬೆರಳೆತ್ತಿ ಪಾಸು ಮಾಡಿದಳು.

ನೀರಿನಲ್ಲಿ

ನಾನು ಮೊದಲೇ ನೀರಿಗಿಳಿದಿದ್ದೆ. ಅಕ್ಕ ಏಣಿ ಇಳಿಯುವಾಗ ಜೆಲ್ಲಿ ಮೀನು ನೋಡಲಿಲ್ಲ. ನೀರಿನಲ್ಲಿದ್ದ ಜನರನ್ನು ನೋಡಿದೆ. ಏಣಿಯ ಹತ್ತಿರ ಒಬ್ಬ ದಪ್ಪನೆಯ ಹೆಂಗಸು ತೇಲುತ್ತಿದ್ದಳು. ಅಕ್ಕನ ಕೈ ಅವಳ ಮುಖದಿಂದ ಒಂದು ಮೊಳ ದೂರದಲ್ಲಿ ಏಣಿಯನ್ನು ಹಿಡಿದಿತ್ತು. ಅವಳು ಅದನ್ನು ನೋಡಿದಳು. ಅವಳು ಅಕ್ಕನಿಗೆ ಜಾಗ ಬಿಡಲು ಒಂಚೂರು ಪಕ್ಕಕ್ಕೆ ಸರಿದು, ಅಕ್ಕ ಇಳಿದ ಮೇಲೆ ಮತ್ತೆ ಇದ್ದಲ್ಲಿಗೇ ಬಂದಳು. ಯಾರೂ ಮೇಲೆ ಹತ್ತಲಿಲ್ಲ. ಒಬ್ಬರೂ ಹತ್ತಲಿಲ್ಲ. ನನ್ನ ಕಣ್ಣು ತುಂಬಿಕೊಂಡಿತು, ಮುಖಕ್ಕೆ ಕೆರೆ ನೀರು ಎರಚಿಕೊಂಡೆ.

ಆಮೇಲೆ ಸುತ್ತ ನೋಡಿದರೆ, ನಮ್ಮನ್ನು ಮುತ್ತಿಕೊಂಡು ಎಣಿಕೆಗೆ ಸಿಗದಷ್ಟು ಜೆಲ್ಲಿ ಮೀನುಗಳು. ಹೊಂಬಣ್ಣದ ಕಿತ್ತಳೆ ಗಾತ್ರದವು, ಉಗುರಿಗಿಂತ ಚಿಕ್ಕವು, ಹಾಲು ಬಣ್ಣದ ತಟ್ಟೆಯಂಥವು. ಎಲ್ಲವೂ ಒಂದೇ ಲಯದಲ್ಲಿ ಮೈ ಮುದುರಿ ಬಿಡಿಸಿ, ಯಾವ ಅವಸರವೂ ಇಲ್ಲದೆ ಹೋಗುತ್ತಿದ್ದವು. ಕಲ್ಲಿನ ಗೊಂಬೆಯಂತೆ ನಿಂತಿದ್ದ ಅಕ್ಕನ ಕೆನ್ನೆಗೆ ಒಂದು ಬಂದು ಮೆಲ್ಲಗೆ ಡಿಕ್ಕಿ ಹೊಡೆಯಿತು. “ಹಾಯ್!” ಎಂದು ಚೀರಿದಳು. ಸ್ವಲ್ಪ ಹೊತ್ತಿಗೆ, “ಏನೂ ಆಗಲಿಲ್ಲಲ್ಲೇ” ಎಂದಳು. ಆಮೇಲೆ ಅಂಗೈ ಬಿಡಿಸಿ ನೀರಲ್ಲಿ ಇಟ್ಟಳು. ಒಂದು ಪುಟ್ಟದು ಅವಳ ಬಿಳಿ ಬೆರಳುಗಳ ಮೇಲಿಂದ ಜಾರಿ ಹೋಯಿತು.

ಹೊಂಬಣ್ಣದವೆಲ್ಲ ಬಿಸಿಲಿರುವ ಕಡೆಗೇ ಗುಂಪಾಗಿದ್ದವು. ಹೊತ್ತು ಸರಿದಂತೆ ಅವೂ ಬಿಸಿಲಿನ ಹಿಂದೆಯೇ ಕೆರೆಯುದ್ದ ಸರಿಯುತ್ತವೆ. ಅವುಗಳ ಮೈಯೊಳಗೆ ಪಾಚಿ ಬೆಳೆಯುತ್ತದೆ, ಪಾಚಿ ಬಿಸಿಲಿನಲ್ಲಿ ಆಹಾರ ಮಾಡಿಕೊಡುತ್ತದೆ, ಅದಕ್ಕೇ ಅವು ಪಾಚಿಯನ್ನು ಬಿಸಿಲಿಗೆ ಹಿಡಿದುಕೊಂಡು ತಿರುಗುತ್ತವೆ ಎಂದು ಹೇಳಿದೆ.

“ಅಬ್ಬಬ್ಬ! ಹೊಲ ಮೈಯಾಗೇ ಇಟ್ಕಂಡು ಅಡ್ಯಾಡ್ತಾವೆ. ನಾವು ಹೊಲಕ್ಕೆ ಹೋಗಬೇಕು, ಇವು ಹೊಲಾನೇ ಹೊತ್ಕಂಡು ಹೊಂಟಾವೆ. ಅವು ಯಾವೇ, ತಳದಾಗೆ ಅಂಗಾತ ಬಿದ್ದಿರೋವು?”

“ಅವೂ ಜೆಲ್ಲಿ ಮೀನೇ. ಅವುಗಳ ಹೊಲ ಕಾಲಾಗೆ ಐತೆ, ಅದಕ್ಕೆ ಕಾಲು ಮ್ಯಾಲೆ ಮಾಡಿ ಮಲಗ್ತಾವೆ.”

“ನಿಮ್ಮ ಭಾವನಂಗೆ ಅನ್ನು” ಎಂದಳು. ಗಂಡನನ್ನು ಅವಳು ಹೀಗೆ ಆಡಿಕೊಂಡದ್ದು ನಾನು ಕೇಳಿದ್ದು ಅದೇ ಮೊದಲು.

ನನಗೆ ಚಳಿ ಹತ್ತಿತು, ಕೈಬೆರಳು ಸುಕ್ಕಾದವು. ಸಾಕು ಅಕ್ಕಾ, ಹತ್ತೋಣ ಎಂದೆ. ಅಕ್ಕ ಕುತ್ತಿಗೆಯವರೆಗೆ ನೀರಿನಲ್ಲಿ ಇದ್ದು, ನನ್ನ ಕಡೆ ತಿರುಗಿಯೂ ನೋಡದೆ, “ನಿನಗೆ ಬೇಕಾದ್ರೆ ಹತ್ತು. ಮ್ಯಾಲೆ ಕೂತು ಬ್ಯಾಗು ಕಾಯ್ತಾ ಇರು ಹೋಗು” ಎಂದಳು. ನಾನು ಹತ್ತಿ, ಬ್ಯಾಗು ಕಾಯುತ್ತಾ ಕೂತೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬ್ಯಾಗು ಕಾದವಳಲ್ಲ.

ಹಲಗೆಯ ಮೇಲೆ

ಕೊನೆಗೂ ಅಕ್ಕ ಮೇಲೆ ಬಂದಳು. ಬಿಸಿಲಿಗೆ ಮೈ ಒಣಗಿಸಿಕೊಳ್ಳಲು ಹಲಗೆಯ ಮೇಲೆ ಕಾಲು ಚಾಚಿ ಕೂತಳು. ಏಣಿಯ ಹತ್ತಿರ ತೇಲುತ್ತಿದ್ದ ಆ ದಪ್ಪನೆಯ ಹೆಂಗಸೂ ಬಂದು ಪಕ್ಕದಲ್ಲೇ ಕೂತು, ಸಿಪ್ಪೆ ಸುಲಿದ ಬಾಳೆಹಣ್ಣು ಕೊಟ್ಟಳು. ಸುರಬಾಯಾ ಊರಿನವಳಂತೆ. ಅಕ್ಕ ಹಣ್ಣು ತೆಗೆದುಕೊಳ್ಳುವಾಗ ಅವಳು ಅಕ್ಕನ ಕೈ ತೋರಿಸಿ ಏನೋ ಕೇಳಿದಳು. ಸಿತಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಇದು ಹುಟ್ಟಿದಾಗಿನಿಂದ ಇದೆಯೇ ಎಂದು ಕೇಳುತ್ತಿದ್ದಾಳೆ.

ಇದನ್ನು ಅಕ್ಕನಿಗೆ ಹೇಗೆ ಹೇಳಲಿ, ಹೇಳಲೋ ಬೇಡವೋ ಎಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಕ್ಕನೇ ಆ ಹೆಂಗಸಿನ ಕಡೆ ತಿರುಗಿ ಶುರುಮಾಡಿದಳು, ಅಪ್ಪಟ ಹದಡಿ ಮಾತಿನಲ್ಲಿ.

“ಹುಟ್ಟಿದಾಗಿಂದ ಅಲ್ಲವ್ವ, ಮದುವಿ ಆದ ಮ್ಯಾಲೆ ಬಂತು. ಮೊದ್ಲು ಈ ಬೆರಳಿಗೆ, ಆಮ್ಯಾಲೆ ಇಲ್ಲಿ, ನೋಡಿಲ್ಲಿ. ಔಷಧಿ ಎಲ್ಲಾ ಮಾಡಿಸಿದ್ವಿ, ಜಗ್ಗಲಿಲ್ಲ. ನೋವೇನಿಲ್ಲ, ನೋಡೋರಿಗೇ ತ್ರಾಸು. ಇರ್ಲಿ ಬಿಡು ಅಂತ ಬಿಟ್ಟೀನಿ.”

ನಾನು ಅನುವಾದ ಮಾಡಲು ಬಾಯಿ ತೆರೆದೆ, ಬೇಕಾಗಲಿಲ್ಲ. ಆ ಹೆಂಗಸು ಹೂಂ ಹೂಂ ಎಂದು ತಲೆಯಾಡಿಸಿ, ಅಕ್ಕನ ತೋಳು ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ತನ್ನ ಪೈಜಾಮವನ್ನು ಮಂಡಿಯ ಮೇಲಕ್ಕೆ ಎಳೆದು, ಅಲ್ಲಿದ್ದ ಉದ್ದನೆಯ ಹೊಲಿಗೆಯ ಗುರುತು ತೋರಿಸಿ ತನ್ನ ಭಾಷೆಯಲ್ಲಿ ದೊಡ್ಡ ಕಥೆ ಶುರುಮಾಡಿದಳು. ಕೈಯಲ್ಲೇ ಬಿದ್ದಂತೆ ತೋರಿಸಿದಳು, ಕತ್ತರಿಸಿದಂತೆ ತೋರಿಸಿದಳು, ಡಾಕ್ಟರಿಗೋ ಸೊಸೆಗೋ ಯಾರಿಗೋ ಬೈದಳು. ಅಕ್ಕ, “ಅಯ್ಯ ಶಿವನೇ! ಆಮ್ಯಾಲೇನಾತು?” ಎಂದು ನಡುನಡುವೆ ಕೇಳುತ್ತಿದ್ದಳು. ಅವಳೂ ಉತ್ತರ ಹೇಳುತ್ತಿದ್ದಳು.

ಸಿತಿ ದೋಣಿ ಹೊರಡುವ ಹೊತ್ತಾಯಿತೆಂದು ಕೂಗಿದಳು. ಅಲೆ ಏಳುವುದರೊಳಗೆ ದಾಟಬೇಕಂತೆ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು, “ಏಳು ಅಕ್ಕಾ, ಹೋಗೋಣ” ಎಂದೆ.

ಅಕ್ಕ ನನ್ನ ಕಡೆ ಆ ಕೈಯನ್ನೇ ಎತ್ತಿ, ಸುಮ್ಮನಿರು ಎಂಬಂತೆ ಸನ್ನೆ ಮಾಡಿದಳು. “ತಡಿಯೇ ನಿಮ್ಮಿ. ಈಯಮ್ಮನ ಮಂಡಿ ಕಥಿ ಇನ್ನಾ ಮುಗಿದಿಲ್ಲ.”